ಕರಕರ ಎಂದದ್ದೆಲ್ಲ ಆಸಿಡ್ಡಿಗೆ

ಬ್ರೂಸ್‌ಪೇಟೆಯಲ್ಲಿದ್ದ ನಮ್ಮ ಲ್ಯಾಬಿನ ಒಳಕೋಣೆಯ ಗೋಡೆಗೆ ಆಗ ಏಳು ನಿಯಮಗಳನ್ನು ಅಂಟಿಸಿದ್ದೆವು. ಬರೆದವನು ನಾನು, ಆದರೆ ಭಾಷೆ ಮಾತ್ರ ಯಾವುದೋ ಸಂಸ್ಥಾನದ ದಿವಾನರದು. ಐದನೆಯದು ಹೀಗಿತ್ತು: "ಚಾಕುವಿನ ಕೆಳಗೆ ಕರಕರ ಎಂದದ್ದೆಲ್ಲವನ್ನೂ, ಅದು ಯಾರ ಶರೀರದ ಯಾವ ಭಾಗವೇ ಆಗಿರಲಿ, ಮುಲಾಜಿಲ್ಲದೆ ಆಸಿಡ್ಡಿಗೆ ಹಾಕತಕ್ಕದ್ದು."

ಈ ಶಾಸನಕ್ಕೆ ಕಾರಣವಿತ್ತು. ನಾನು ಪೆಥಾಲಜಿಸ್ಟ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ನಮ್ಮಲ್ಲಿಗೆ ಬಂದರೆ ಅದನ್ನು ಕೊಳೆಯದಂತೆ ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಇಂಥದ್ದು ಎಂದು ಬರೆಯುವುದು ನನ್ನ ಕಸುಬು. ತುಣುಕಿನಲ್ಲಿ ಸುಣ್ಣದ ಅಂಶವಿದ್ದರೆ ಹೆರೆಯುವ ಚಾಕುವಿನ ಬಾಯಿ ಹಾಳಾಗುತ್ತದೆ. ಅದನ್ನು ಮತ್ತೆ ಕಲ್ಲಿನ ಮೇಲೆ ಮಸೆದು ದಾರಿಗೆ ತರಲು ಅರ್ಧ ದಿನ ಬೇಕು. ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದರ ಮೂತಿ ಹಚ್ಚಿಕೊಂಡು ಓಡುತ್ತಿದ್ದ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಮುರಿದ ಮೂಳೆಗಳಿಗೆ ಬರವಿರಲಿಲ್ಲ. ಮೂಳೆಯನ್ನು ಆಸಿಡ್ಡಿನಲ್ಲಿ ಇಟ್ಟರೆ ಸುಣ್ಣ ಕರಗಿ ಮೆತ್ತಗಾಗುತ್ತದೆ, ಚಾಕು ಉಳಿಯುತ್ತದೆ. ಹಾಗಾಗಿ ಐದನೆಯ ನಿಯಮ.

ಅದನ್ನು ಅಕ್ಷರಶಃ ಪಾಲಿಸುತ್ತಿದ್ದವರು ನಮ್ಮ ಟೆಕ್ನಿಷಿಯನ್. ದಿನಾ ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನಗಿಂತ ನಾಲ್ಕು ವರ್ಷ ಚಿಕ್ಕವರು, ನನಗಿಂತ ನಾಲ್ಕು ಪಾಲು ಶಿಸ್ತಿನವರು. ಆಸಿಡ್ಡಿನ ಹನಿ ಸಿಡಿದು ಅವರ ಅಂಗಿಗಳೆಲ್ಲ ಹೊಟ್ಟೆಯ ಹತ್ತಿರ ಜರಡಿಯಾಗಿದ್ದವು. ಏಪ್ರನ್ ಹಾಕಿಕೊಳ್ಳತಕ್ಕದ್ದು ಎಂಬುದು ಎರಡನೆಯ ನಿಯಮ. ಏಪ್ರನ್ ಕೊಡಿಸತಕ್ಕದ್ದು ಎಂದು ನಾನು ಎಲ್ಲೂ ಬರೆದಿರಲಿಲ್ಲ.

ಒಂದು ಬೇಸಿಗೆಯ ಗುರುವಾರ, ವಾರಕ್ಕೊಮ್ಮೆ ಬೇರೆ ಊರಿನಿಂದ ಬಂದು ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಿದುಳಿನ ಆಪರೇಷನ್ ಮಾಡುತ್ತಿದ್ದ ಸರ್ಜನ್ ಒಂದು ಶೀಶೆ ಕಳಿಸಿದರು. ರೋಗಿಗೆ ಮೂವತ್ತನಾಲ್ಕು ವರ್ಷ. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ಒಂದರ ಮೇಲೊಂದು ಹಾಸಿದ ಬಟ್ಟೆಯ ಮೇಲೆ ವಿದ್ಯುತ್ ಚಾಕು ನಡೆಸುತ್ತಿದ್ದಾಗ ಬಲಗೈ ತನ್ನಷ್ಟಕ್ಕೆ ಜಗ್ಗಿ, ಬಟ್ಟೆಯ ರಾಶಿಯೆಲ್ಲ ಓರೆಯಾಗಿ ಕತ್ತರಿಸಿಹೋಗಿತ್ತು. ಆಮೇಲೆ ಮೂರ್ಛೆ. ಆಗ ಊರಿಗೆ ಹೊಸ ಎಂಆರ್‌ಐ ಯಂತ್ರ ಬಂದಿತ್ತು. ಊರಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಹಳೆಯ ಸಿಟಿ ಸ್ಕ್ಯಾನ್ ಎಂದರೆ ಜನ ಮೂಗು ಮುರಿಯುತ್ತಿದ್ದರು, ಸೀದಾ ದೊಡ್ಡ ಯಂತ್ರಕ್ಕೇ ಹೋಗುತ್ತಿದ್ದರು. ಮಾಸ್ಟರೂ ಹೋಗಿದ್ದರು. ಮಿದುಳಿನ ಎಡಮುಂಭಾಗದಲ್ಲಿ ಗಡ್ಡೆ. ಸರ್ಜನ್ ಆದಷ್ಟು ತೆಗೆದು, ಕೈಯನ್ನು ಆಡಿಸುವ ಜಾಗಕ್ಕೆ ಬಂದಾಗ ನಿಲ್ಲಿಸಿದ್ದರು.

ಶೀಶೆಯಲ್ಲಿ ಐದಾರು ಬೂದು ಚೂರುಗಳಿದ್ದವು. ಎರಡನ್ನು ಆರಿಸಿ ಬ್ಲೇಡಿನಿಂದ ಕತ್ತರಿಸಿ ಅಚ್ಚಿಗೆ ಕೊಟ್ಟೆ. ಕತ್ತರಿಸುವಾಗ ಬ್ಲೇಡು ಒಂದೆರಡು ಕಡೆ ತಡೆದಂತಾಯಿತು. ಬ್ಲೇಡು ಮೊಂಡಾಗಿದೆ ಎಂದು ತೀರ್ಮಾನಿಸಿ ಅದನ್ನು ಬಯ್ದು ಬದಲಾಯಿಸಿದೆ. ಇದನ್ನು ನೆನಪಿಡಬೇಕೆಂದು ಕೋರುತ್ತೇನೆ.

ಮೂರನೆಯ ದಿನ ಸ್ಲೈಡು ನನ್ನ ಮುಂದೆ ಬಂತು. ಒಂದು ಗೆರೆಯಿಲ್ಲದ, ಕನ್ನಡಿಯಂಥ ಕೆಲಸ. ನೋಡಿದೆ. ನಿಧಾನವಾಗಿ ಬೆಳೆಯುವ ಜಾತಿಯೆಂಬುದು ಸ್ಪಷ್ಟವಿತ್ತು. ಆದರೆ ಈ ಜಾತಿಯ ಸ್ವಭಾವವೇ ಬೇರೆ. ಗಂಟಿನಂತೆ ಒಂದು ಕಡೆ ಕುಳಿತಿರದೆ, ಒಳ್ಳೆಯ ಮಿದುಳಿನ ನಡುವೆ ಎಳೆ ಎಳೆಯಾಗಿ ನುಸುಳಿಕೊಂಡಿರುತ್ತದೆ. ಪೂರ್ತಿ ತೆಗೆಯಲಾಗದು, ಅವಸರದಲ್ಲಿ ಕೊಲ್ಲುವುದೂ ಇಲ್ಲ. ಇದರಲ್ಲಿ ಎರಡು ಬಗೆ. ಒಂದರ ಕೋಶಗಳು ನಕ್ಷತ್ರದಂತೆ ಕೈಕಾಲು ಚಾಚಿರುತ್ತವೆ; ಅದು ಆಸ್ಟ್ರೋಸೈಟೋಮಾ. ಇನ್ನೊಂದರವು ಹಂಚಿನ ಮೇಲೆ ಒಡೆದು ಹಾಕಿದ ಮೊಟ್ಟೆಗಳಂತೆ ದುಂಡಗೆ; ಅದು ಆಲಿಗೋಡೆಂಡ್ರೋಗ್ಲಿಯೋಮಾ. ಹೆಸರು ಎಷ್ಟು ಉದ್ದವೋ ಸ್ವಭಾವ ಅಷ್ಟು ಮೆತ್ತಗೆ. ಮಾಸ್ಟರ ಸ್ಲೈಡಿನಲ್ಲಿ ಇದೂ ಇತ್ತು, ಅದೂ ಇದ್ದಂತಿತ್ತು. ಅಂಥ ಸಂಕಟಕ್ಕೆಂದೇ ಆಗ ನಮ್ಮ ಶಾಸ್ತ್ರದಲ್ಲಿ 'ಮಿಶ್ರ' ಎಂಬ ಒಂದು ಧರ್ಮಛತ್ರವಿತ್ತು. ಎಷ್ಟೋ ವರ್ಷ ನಾನು ಅದರಲ್ಲಿ ತಂಗಿದ್ದೇನೆ. ಆ ದಿನವೂ ತಂಗಿದೆ. 'ಮಿಶ್ರ' ಎಂದು ಬರೆದು ಸಹಿ ಮಾಡಿದೆ.

ವರದಿ ತೆಗೆದುಕೊಳ್ಳಲು ಬಂದವರು ಮಾಸ್ಟರ ತಾಯಿ, ಸಿರುಗುಪ್ಪದಿಂದ. ಉಳಿದ ಚೂರುಗಳನ್ನೂ ಕೊಡಬೇಕು ಎಂದರು. ಶರೀರದಿಂದ ತೆಗೆದದ್ದು ಏನೇ ಇರಲಿ, ಅದನ್ನು ಎಲ್ಲೆಂದರಲ್ಲಿ ಎಸೆಯದೆ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ನನ್ನ ಬಳಿ ಈ ಬೇಡಿಕೆ ಆಗಾಗ ಬರುತ್ತಿತ್ತು. ವರದಿಯಾದ ಮೇಲೆ ಕೊಡುತ್ತಿದ್ದೆ, ರಸೀದಿ ಬರೆಸಿಕೊಂಡು. ರಸೀದಿಯ ಒಕ್ಕಣೆಯೂ ದಿವಾನರದೇ: "ಮೇಲ್ಕಂಡ ಅವಶೇಷವನ್ನು ಸಕಲ ಗೌರವಗಳೊಂದಿಗೆ ವಾರಸುದಾರರಿಗೆ ಒಪ್ಪಿಸಲಾಗಿದೆ." ಆ ತಾಯಿ ಹೆಬ್ಬೆಟ್ಟು ಒತ್ತಿ ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಎರಡು ವಾರದ ನಂತರದ ಗುರುವಾರ ಸರ್ಜನ್ ನಮ್ಮಲ್ಲಿಗೇ ಬಂದರು. ನನ್ನ 'ಮಿಶ್ರ' ಅವರಿಗೆ ಸಾಕಾಗಿರಲಿಲ್ಲ. ದೂರದ ಮಹಾನಗರದಲ್ಲಿ ವಿಕಿರಣ ಚಿಕಿತ್ಸೆಗೆ ಏರ್ಪಾಟಾಗಿದೆ, ಮುಖದ ಅಚ್ಚು ತೆಗೆದು ಮುಖವಾಡ ಕೂಡ ಮಾಡಿದ್ದಾರೆ, ತಾರೀಖು ಕೊಟ್ಟಿದ್ದಾರೆ ಎಂದರು. ಆದರೆ ಮಾಸ್ಟರ ಮುಂದೆ ಇನ್ನೂ ಎಷ್ಟೋ ವರ್ಷಗಳಿರಬಹುದು. ಮಿದುಳಿಗೆ ಕೊಟ್ಟ ವಿಕಿರಣದ ಬಾಧೆ ನಾಲ್ಕಾರು ವರ್ಷ ತಡವಾಗಿ ತಲೆದೋರಿ ನೆನಪನ್ನು ಮಸುಕು ಮಾಡುವುದುಂಟು. ಗಡ್ಡೆ ಎರಡನೆಯ ಬಗೆಯದಾದರೆ ಸದ್ಯಕ್ಕೆ ಮಾತ್ರೆಗಳಲ್ಲಿ ತಡೆದು, ವಿಕಿರಣವನ್ನು ಮುಂದಕ್ಕೆ ಕಾಯ್ದಿಡಬಹುದು. ಮೊದಲನೆಯದಾದರೆ ಕಾಯುವ ಧೈರ್ಯ ತಮಗಿಲ್ಲ ಎಂದರು.

ತೀರ್ಮಾನಿಸುವುದು ಹೇಗೆ ಎಂದರೆ, ವರ್ಣತಂತುಗಳನ್ನು, ಅಂದರೆ ಕ್ರೋಮೋಸೋಮುಗಳನ್ನು, ನೋಡಿ. ಪ್ರತಿ ಕೋಶದಲ್ಲೂ ಇಪ್ಪತ್ತಮೂರು ಜೊತೆ ವರ್ಣತಂತುಗಳಿರುತ್ತವೆ. ಒಂದೊಂದಕ್ಕೂ ಒಂದು ಗಿಡ್ಡ ತೋಳು, ಒಂದು ಉದ್ದ ತೋಳು. ಎರಡನೆಯ ಬಗೆಯ ಗಡ್ಡೆಯಲ್ಲಿ ಒಂದನೆಯ ತಂತುವಿನ ಗಿಡ್ಡ ತೋಳೂ ಹತ್ತೊಂಬತ್ತನೆಯದರ ಉದ್ದ ತೋಳೂ ಜೊತೆಗೂಡಿ ಕಳೆದುಹೋಗಿರುತ್ತವೆ. ಎರಡೂ ಕಳೆದಿದ್ದರೆ ಅಂಥ ಗಡ್ಡೆ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಹೊಳೆಯುವ ಬಣ್ಣದ ಚುಕ್ಕೆಗಳನ್ನು ಆ ಜಾಗಗಳಿಗೆ ಅಂಟಿಸಿ ಎಣಿಸುವ ಪರೀಕ್ಷೆಯೊಂದಿದೆ. ಹುಡುಕುವ ತೋಳಿಗೆ ಕೆಂಪು, ಹೋಲಿಕೆಗೆ ಅದೇ ತಂತುವಿನ ಇನ್ನೊಂದು ತೋಳಿಗೆ ಹಸಿರು. ಸರಿಯಿದ್ದಲ್ಲಿ ಎರಡು ಚುಕ್ಕೆ, ಕಳೆದಲ್ಲಿ ಒಂದು. ಅದನ್ನು ಮಾಡುವವರು ಆಗ ಆ ಮಹಾನಗರದಲ್ಲಿದ್ದರು. ಕಣ್ಣಿಗೆ ಬಿದ್ದದ್ದನ್ನು ಮಾತ್ರ ನಂಬುವ ಹಳೇ ಕಾಲದ ಮನುಷ್ಯನಾದ ನಾನು ಒಳಗೊಳಗೇ ಗೊಣಗುತ್ತ ಒಂದು ಅಚ್ಚನ್ನು ಕಳಿಸಿಕೊಟ್ಟೆ.

ನಡುವೆ ಒಂದು ದಿನ ಮಾಸ್ಟರೇ ಬಂದರು. ತಲೆಗೆ ಟೋಪಿ, ಬಲಗೈ ಎಡಗೈಯ ಆಸರೆಯಲ್ಲಿ. ಆಪರೇಷನ್ ನಂತರ ಕೈಗೆ ಬಲ ಇನ್ನೂ ಬಂದಿರಲಿಲ್ಲ. ನಿಧಾನವಾಗಿ ಬರುತ್ತದೆಂದು ಸರ್ಜನ್ ಹೇಳಿದ್ದರು. ಈ ಪರೀಕ್ಷೆ ಏನೆಂದು ತಿಳಿಯಬೇಕಿತ್ತು ಅವರಿಗೆ. ಅವರ ಭಾಷೆಯಲ್ಲೇ ಹೇಳೋಣವೆಂದು, ಪ್ಯಾಂಟಿಗೆ ಹೇಗೆ ಇಂತಿಷ್ಟು ಪೀಸುಗಳೋ ಕೋಶಕ್ಕೂ ಹಾಗೆ, ಅದರಲ್ಲಿ ಎರಡು ಪೀಸು ಕಾಣೆಯಾಗಿವೆಯೇ ಎಂದು ಹುಡುಕುತ್ತಿದ್ದೇವೆ, ಕಾಣೆಯಾಗಿದ್ದರೆ ಒಳ್ಳೆಯದು ಎಂದೆ.

ಅವರು ಸ್ವಲ್ಪ ಯೋಚಿಸಿ, "ಎರಡು ಪೀಸು ಇಲ್ಲಂದ್ರ ಪ್ಯಾಂಟು ನಿಲ್ಲಂಗಿಲ್ಲ ಸರ. ಈ ಗಡ್ಡಿ ಹೆಂಗ ನಿಂತೈತಿ?" ಎಂದರು.

ಈ ಪ್ರಶ್ನೆಗೆ ಆಗ ಲೋಕದಲ್ಲಿ ಯಾರ ಬಳಿಯೂ ಪೂರ್ತಿ ಉತ್ತರವಿರಲಿಲ್ಲ, ನನ್ನ ಬಳಿಯಂತೂ ಮೊದಲೇ ಇಲ್ಲ. ಗಂಭೀರವಾಗಿ ಕೆಮ್ಮಿದೆ.

ಹೋಗುವಾಗ ಬಾಗಿಲಲ್ಲಿ ನಿಂತು ಅವರು ಕೇಳಬೇಕಾದ್ದನ್ನು ಕೇಳಿದರು. ಬಟ್ಟೆಯ ಮೇಲೆ ಯಾವ ಪೀಸು ಎಲ್ಲಿ ಕೂಡಬೇಕು, ಎಲ್ಲಿ ಬಟ್ಟೆ ಉಳಿಯುತ್ತದೆ ಎಂಬುದನ್ನೆಲ್ಲ ಅವರು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಎಲ್ಲ ತಲೆಯಲ್ಲೇ. ವಿಕಿರಣ ಚಿಕಿತ್ಸೆ ಅವರ ಬಾಯಲ್ಲಿ 'ಕರೆಂಟ್'. "ಆ ಕರೆಂಟ್ ಕೊಟ್ರ ನನ್ನ ಅಳತಿ ಹೋಗ್ತಾವಂತಲ್ರಿ, ಸರ. ಕೈ ಹೋದ್ರ ಇನ್ನೊಬ್ಬರ ಕೈಲಿ ಮಾಡಿಸ್ತೀನಿ. ಅಳತಿ ಹೋದ್ರ ಯಾರ ತಲಿ ತರ್ಲಿ?"

ಹತ್ತು ದಿನದ ನಂತರ ಮಹಾನಗರದ ಪ್ರಯೋಗಾಲಯದಿಂದ ಫೋನ್ ಬಂತು. ಮಾತಾಡಿದವರು ನನ್ನ ಮಗಳ ವಯಸ್ಸಿನ ಡಾಕ್ಟರು. ಒಂದು ಚುಕ್ಕೆಯೂ ಹೊಳೆಯುತ್ತಿಲ್ಲ. ಕೆಂಪಿಲ್ಲ, ಹಸಿರಿಲ್ಲ, ಕೋಶಗಳೆಲ್ಲ ಖಾಲಿ ಮನೆಗಳಂತಿವೆ ಎಂದರು. ಆಮೇಲೆ ಬಹಳ ವಿನಯದಿಂದ, ತುಣುಕನ್ನೇನಾದರೂ ಆಸಿಡ್ಡಿಗೆ ಹಾಕಿದ್ದಿರಾ ಎಂದು ಕೇಳಿದರು. ಆಸಿಡ್ಡು ಸುಣ್ಣವನ್ನು ಕರಗಿಸುವಾಗ ವರ್ಣತಂತುಗಳನ್ನೂ ಪುಡಿ ಮಾಡುತ್ತದೆ.

"ತಾಯೀ, ಇದು ಮಿದುಳು, ಮೂಳೆಯಲ್ಲ," ಎಂದೆ. ಆ ವಾಕ್ಯವನ್ನು ನಾನು ಹೇಳಿದ ಗತ್ತು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಯಾಕೆಂದರೆ ಫೋನಿಟ್ಟು ತಿರುಗಿದರೆ ಟೆಕ್ನಿಷಿಯನ್ ಹಿಂದೆಯೇ ನಿಂತಿದ್ದರು.

"ಹಾಕೀನ್ರಿ, ಸರ," ಎಂದರು. "ಎರಡೂ ಅಚ್ಚು ಕರಕರ ಅಂದ್ವು. ಮೇಣ ಕರಗಿಸಿ ತಗ್ದು, ಒಂದು ರಾತ್ರಿ ಆಸಿಡ್ಡಿನಾಗ ಇಟ್ಟೆ. ರಿಜಿಸ್ಟರ್‌ನ್ಯಾಗ ಕೆಂಪಿಲೆ ಗುರ್ತು ಮಾಡೀನಿ."

ರಿಜಿಸ್ಟರ್ ತೆಗೆದು ನೋಡಿದೆ. ಗುರುತಿತ್ತು. ಆ ಗುರುತಿನ ಪಕ್ಕದಲ್ಲೇ ನನ್ನ ಸಹಿಯೂ ಇತ್ತು, ಓದದೆ ಮಾಡಿದ್ದು.

ನನಗೆ ಪೂರ್ತಿ ಹೊಳೆದದ್ದು ಕುರ್ಚಿಯಲ್ಲಿ ಕುಳಿತ ಮೇಲೆ. ಮಿದುಳು ಕರಕರ ಎನ್ನಬಾರದು. ಅದು ಕರಕರ ಎಂದಿದ್ದೇ ಒಂದು ಸುದ್ದಿ. ಎರಡನೆಯ ಬಗೆಯ ಗಡ್ಡೆಗೆ ಸುಣ್ಣದ ಕಣ ಕೂಡಿಸಿಕೊಳ್ಳುವ ಚಾಳಿಯಿದೆ. ಹಳೆಯ ಸಿಟಿ ಸ್ಕ್ಯಾನ್ ಆಗಿದ್ದರೆ ಅದನ್ನು ಬೆಳ್ಳಗೆ ಎತ್ತಿ ತೋರಿಸುತ್ತಿತ್ತು. ದೊಡ್ಡ ಯಂತ್ರಕ್ಕೆ ಸುಣ್ಣ ಅಷ್ಟಾಗಿ ಕಾಣುವುದಿಲ್ಲ. ನನ್ನ ಬ್ಲೇಡು ಅದನ್ನು ಹೇಳಿತ್ತು, ನಾನು ಬ್ಲೇಡನ್ನು ಬಯ್ದಿದ್ದೆ. ಟೆಕ್ನಿಷಿಯನ್ನರ ಚಾಕು ಹೇಳಿತ್ತು, ನನ್ನ ಐದನೆಯ ನಿಯಮ ಅದರ ಬಾಯಿ ಮುಚ್ಚಿಸಿತ್ತು. ಆಸಿಡ್ಡು ಕಣ್ಣಿಗೆ ಕಾಣುವ ಸಾಕ್ಷಿಯನ್ನೂ ಕಾಣದ ಸಾಕ್ಷಿಯನ್ನೂ ಒಂದೇ ರಾತ್ರಿ ತೊಳೆದುಹಾಕಿತ್ತು. ಆಮೇಲೆ ಆ ಸ್ವಚ್ಛ ಸ್ಲೈಡನ್ನು ನೋಡಿ ನಾನು 'ಮಿಶ್ರ' ಎಂದಿದ್ದೆ.

ಹಾಗಾದರೆ ಬರೀ ಕರಕರದ ಮೇಲೆ ವರದಿ ತಿದ್ದಿ ಎರಡನೆಯ ಬಗೆ ಎಂದುಬಿಡಬಹುದಿತ್ತಲ್ಲ? ಯೋಚಿಸಿದೆ. ಮೊದಲನೆಯ ಬಗೆಯಲ್ಲೂ ಅಪರೂಪಕ್ಕೆ ಸುಣ್ಣ ಕೂಡುವುದುಂಟು. ಒಮ್ಮೆ ಊಹಿಸಿ ಸಹಿ ಮಾಡಿ ಆಗಿತ್ತು. ಎರಡನೆಯ ಊಹೆಗೆ ಒಬ್ಬರ ತಲೆಯನ್ನು ಒಡ್ಡುವುದು ಬೇಡವೆನಿಸಿತು.

ಮರುದಿನ ಟೆಕ್ನಿಷಿಯನ್ ಬರಲಿಲ್ಲ. ಅದರ ಮರುದಿನ ಅವರ ಬದಲಿಗೆ ಒಂದು ಪತ್ರ ಬಂತು. "ಘನತೆವೆತ್ತ ಸನ್ನಿಧಾನಕ್ಕೆ ವಿಧೇಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರುವಾಗಿ ರಾಜೀನಾಮೆಯಲ್ಲಿ ಮುಗಿದಿತ್ತು. ಗೋಡೆಯ ಮೇಲಿನ ಭಾಷೆಯನ್ನು ಇಷ್ಟು ವರ್ಷ ಓದಿ ಓದಿ ಕಲಿತಿದ್ದರು. ಕೆಂಪು ಶಾಯಿಯಲ್ಲಿ ಎರಡು ಅಕ್ಷರತಪ್ಪು ತಿದ್ದಿ, ಕೆಳಗೆ 'ತಿರಸ್ಕರಿಸಲಾಗಿದೆ' ಎಂದು ಬರೆದು, ಶುಕ್ರವಾರ ಬೆಳಿಗ್ಗೆ ಕಾರು ತೆಗೆದುಕೊಂಡು ನಾನೇ ಕುರುಗೋಡಿಗೆ ಹೋದೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅವರು ನಮ್ಮ ಲ್ಯಾಬಿನ ಚಾಕುವನ್ನು ಮಸೆಯುತ್ತಿದ್ದರು. ರಾಜೀನಾಮೆ ಕೊಟ್ಟವರು ಆಫೀಸಿನ ಆಯುಧ ಇಟ್ಟುಕೊಂಡಿರುವುದು ಅಪರಾಧವೆಂದು ಜ್ಞಾಪಿಸಿದೆ. ಅವರು ನಗಲಿಲ್ಲ.

"ಕೈಗೆ ಗೊತ್ತಾಗಿತ್ರಿ, ಸರ. ಮಿದುಳು ಹಿಂಗಿರಂಗಿಲ್ಲ ಅಂತ. ನಿಮ್ಮನ್ನ ಕೇಳಬೇಕು ಅಂದ್ಕೊಂಡೆ. ತಲಿ ಎತ್ತಿ ನೋಡಿದ್ರ ಗ್ವಾಡಿ ಮ್ಯಾಲ ನೀವಽ ಬರ್ದಿದ್ದು ಐತಿ. ಮುಲಾಜಿಲ್ಲದ ಅಂತ."

ಕಟ್ಟೆಯ ಮೇಲೆ ಅವರ ಪಕ್ಕ ಕುಳಿತೆ. ಒಳಗಿಂದ ಮಜ್ಜಿಗೆ ಬಂತು. ಲೋಟ ಕೆಳಗಿಡುತ್ತ ಅವರು, ಇಡೀ ವಾರ ನನಗೆ ಹೊಳೆಯದ್ದನ್ನು ಹೇಳಿದರು. "ಉಳ್ದಿದ್ದು ಅವರ ಹತ್ರ ಐತಲ್ರಿ. ಸಕಲ ಗೌರವಗಳೊಂದಿಗೆ ಕೊಟ್ಟೀವಲ್ಲ. ಅದಕ್ಕ ಆಸಿಡ್ ಮುಟ್ಟಿಲ್ಲ."

ಅದು ಇನ್ನೂ ಮಣ್ಣಿನ ಮೇಲಿದ್ದರೆ ತಾನೇ? ಅಲ್ಲಿಂದಲೇ ಮಹಾನಗರದ ಡಾಕ್ಟರಿಗೆ ಫೋನ್ ಮಾಡಿದೆ. ಮೊದಲು ನಡೆದದ್ದನ್ನು ಒಪ್ಪಿಕೊಂಡೆ, ಆಮೇಲೆ ಕೇಳಿದೆ. ಸುಮಾರು ಒಂದು ತಿಂಗಳು ಫಾರ್ಮಾಲಿನ್‌ನಲ್ಲೇ ಇದೆಯೆಂದರೆ ಒಳ್ಳೆಯದಲ್ಲ ಎಂದರು. ಫಾರ್ಮಾಲಿನ್ ಹಳತಾದಂತೆ ಅದೇ ಹುಳಿಯಾಗುತ್ತದೆ. ಹುಳಿಯಾಗದಂತೆ ಏನಾದರೂ ಮಾಡಿದ್ದೀರಾ ಎಂದು ಕೇಳಿದರು. ನಮ್ಮ ಕ್ಯಾನಿನ ತಳದಲ್ಲಿ, ಶೀಶೆಗಳ ತಳದಲ್ಲಿ ಕೂಡ, ಅಮೃತಶಿಲೆಯ ಚೂರು ಹಾಕಿರುತ್ತೇವೆ ಎಂದೆ. ಅದು ಹುಳಿಯನ್ನು ಹೀರಿಕೊಳ್ಳುತ್ತದೆ. ನಮ್ಮ ಗುರುಗಳ ಕಾಲದ ವಿದ್ಯೆ. ಅಂಥದ್ದನ್ನು ತಾವು ಹಳೆಯ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಮಾಡುವವರನ್ನು ಕಂಡಿಲ್ಲ ಎಂದು ಅವರು ನಕ್ಕರು. ಅಮೃತಶಿಲೆ ಎಲ್ಲಿಂದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಲ್ಲಿ ಆಗ ಏಳುತ್ತಿದ್ದ ಅರಮನೆಯಂಥ ಮನೆಗಳ ಬಚ್ಚಲಿನಿಂದ ಉಳಿದ ಚೂರುಗಳು ರಸ್ತೆಬದಿಗೆ ಬೇಕಾದಷ್ಟು ಬಿದ್ದಿರುತ್ತಿದ್ದವು. ಅದಿರಿನ ಭಾಗ್ಯದಲ್ಲಿ ನಮ್ಮ ಪಾಲಿಗೆ ಬಂದದ್ದು ಅಷ್ಟು.

ಪ್ರಯತ್ನಿಸೋಣ, ಆದರೆ ಬೇಗ ಎಂದರು ಡಾಕ್ಟರು.

ಟೆಕ್ನಿಷಿಯನ್ನರನ್ನೂ ಕಾರಿಗೆ ಹತ್ತಿಸಿಕೊಂಡು, ಒಳದಾರಿಯಿಂದ ದೊಡ್ಡ ರಸ್ತೆಗೆ ಸೇರಿ, ತೆಕ್ಕಲಕೋಟೆ ದಾಟಿ ಸಿರುಗುಪ್ಪ ಮುಟ್ಟುವಾಗ ಹನ್ನೊಂದಾಗಿತ್ತು. ದಾರಿಯುದ್ದಕ್ಕೂ ನಾನು ಒಂದು ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಮಾಸ್ಟರು ತಾಯಿಯ ಮನೆಯಲ್ಲೇ ಇದ್ದರು. ಶೀಶೆಯೂ ಇತ್ತು, ಗೋಡೆಯ ಗೂಡಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು. ಇಷ್ಟು ದಿನ ಉಳಿದದ್ದಕ್ಕೆ ಕಾರಣ ಮಾಸ್ಟರ ಹಟ. ತನ್ನ ತುಣುಕಿಗೆ ತನ್ನ ಬಲಗೈಯಿಂದಲೇ ಮಣ್ಣು ಹಾಕಬೇಕು, ಕೈಗೆ ಬಲ ಬರಲಿ ಎಂದು ಕಾದಿದ್ದರು. ತಾಯಿಗೆ ಸಾಕಾಗಿತ್ತು. ಮನೆಯೊಳಗೆ ಅದನ್ನು ಇಟ್ಟುಕೊಂಡು ಎಷ್ಟು ದಿನ ಉಣ್ಣುವುದು? ಆವತ್ತು ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಮುಗಿಸಿಬಿಡೋಣವೆಂದು ಮಗನನ್ನು ಒಪ್ಪಿಸಿದ್ದರು. ಖಬರಸ್ತಾನದ ಮೂಲೆಯಲ್ಲಿ ಮೊಳದುದ್ದದ ಕುಣಿಯೂ ಆಗಿತ್ತು.

ನಾನು ಭಾಷಣ ಶುರು ಮಾಡಿದೆ. 'ಅನಿವಾರ್ಯ ಕಾರಣಗಳಿಂದ ಪ್ರಥಮ ಮಾದರಿಯು' ಎಂಬಲ್ಲಿಗೆ ಬರುವಷ್ಟರಲ್ಲಿ ಆ ತಾಯಿ ಕೈ ಎತ್ತಿದರು.

"ಮಣ್ಣಿಗೆ ಅಂತ ಮನಸಿನಾಗ ನಿಯ್ಯತ್ ಮಾಡಿ ಇಟ್ಟಿದ್ದು, ಸಾಹೇಬ್ರ. ಕೊಟ್ಟೋರು ನೀವಽ. ಈಗ ಮತ್ತ ಮಷೀನಿಗೆ ಕೊಡ್ರಿ ಅಂತ ಬಂದೀರಲ್ಲ."

ಆಗ ನನ್ನ ಹಿಂದಿನಿಂದ ಟೆಕ್ನಿಷಿಯನ್ ಮುಂದೆ ಬಂದರು. "ಅಮ್ಮಾರ, ಇವರು ಹೇಳೋದು ನಿಮಗ ತಿಳಿಯಂಗಿಲ್ಲ. ನನಗೂ ಅರ್ಧ ತಿಳಿಯಂಗಿಲ್ಲ. ಮೊದಲಿನ ತುಣುಕು ನಾನು ಆಸಿಡ್ಡಿಗೆ ಹಾಕಿ ಕೆಡಿಸೀನಿ. ತಪ್ಪು ನಂದು."

ಅದು ಹೇಗೆ, ನಿಯಮ ಬರೆದವನು ನಾನು, ಓದದೆ ಸಹಿ ಹಾಕಿದವನೂ ನಾನು ಎಂದು ನಾನು ಹಕ್ಕು ಸಾಧಿಸಿದೆ. ಅವರು ಬಿಡಲಿಲ್ಲ. ಅಂಗಳದಲ್ಲಿ ನಿಂತು ತಪ್ಪಿನ ಒಡೆತನಕ್ಕಾಗಿ ಇಬ್ಬರು ಅರವತ್ತರ ಹತ್ತಿರದವರು ಜಗ್ಗಾಡಿದೆವು. ಮಾಸ್ಟರು ಮಂಚದ ಮೇಲೆ ಕುಳಿತು ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ಟೆಕ್ನಿಷಿಯನ್ನರ ಅಂಗಿಯ ತೂತುಗಳ ಮೇಲೆ ಅವರ ಕಣ್ಣು ನಿಂತಿತು, ಆಮೇಲೆ ನನ್ನ ಮೇಲೆ. ಸಿಟ್ಟಿರಬೇಕು ಎಂದುಕೊಂಡೆ. ಸಿಟ್ಟಿಗೆ ಅರ್ಹರೇ ಆಗಿದ್ದೆವು.

"ನಿಮ್ಮಿಬ್ಬರ ಪಂಚಾಯ್ತಿ ಆಮ್ಯಾಲ ಮಾಡ್ಕೊಳ್ರಿ," ಎಂದರು ತಾಯಿ. "ಎಷ್ಟು ಬೇಕು, ಅದನ್ನ ಹೇಳ್ರಿ."

ತೊಗರಿಬೇಳೆಯಷ್ಟು ಸಾಕು ಎಂದೆ.

"ಬ್ಯಾಳಿಯಷ್ಟಕ್ಕ ಇಷ್ಟು ದೂರ ಬಂದ್ರೇನು?"

ಅವರು ಮಗನ ಕಡೆ ನೋಡಿದರು. ಮಾಸ್ಟರು ಹೇಳಿದ್ದು ಇಷ್ಟೇ: "ಕೊಡಮ್ಮಾ. ಅದಕ್ಕ ನನ್ನ ಅಳತಿ ಗೊತ್ತೈತಿ."

ಅವರ ಕಣ್ಣೆದುರೇ ಆಗಬೇಕೆಂದದ್ದರಿಂದ ಅಂಗಳದಲ್ಲೇ ಒಂದು ತಟ್ಟೆಯಿಟ್ಟು ಶೀಶೆ ತೆರೆದೆವು. ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ಯಾರದ್ದು ಯಾವ ಕಾರಣಕ್ಕೆಂದು ವಿಂಗಡಿಸುವಂತಿರಲಿಲ್ಲ. ತಳದಲ್ಲಿ ಬಿಳಿಯ ಅಮೃತಶಿಲೆಯ ಚೂರು ಮಲಗಿತ್ತು. ನಾಲ್ಕು ತುಣುಕುಗಳು. ನಾನು ಇಕ್ಕಳ ಹಿಡಿದೆ, ಆರಿಸಿದವರು ಟೆಕ್ನಿಷಿಯನ್. ಸೂಜಿಯ ತುದಿಯಿಂದ ಒಂದೊಂದನ್ನೇ ಒತ್ತಿ, ಕಣ್ಣು ಮುಚ್ಚಿಕೊಂಡು, ಇದು ಮರಳು, ಇದೂ ಮರಳು, ಇದು ಅಷ್ಟಿಲ್ಲ ಎಂದು ಪಿಸುಗುಟ್ಟುತ್ತ, ಆಸಿಡ್ಡಿಲ್ಲದೆ ಹೆರೆಯಬಹುದಾದ ಒಂದು ಮೂಲೆಯನ್ನು ಹುಡುಕಿ ತೆಗೆದರು. ಅಷ್ಟನ್ನು ಕತ್ತರಿಸಿ ಬೇರೆ ಶೀಶೆಗೆ ಹಾಕಿಕೊಂಡು ಉಳಿದದ್ದನ್ನು ಮುಚ್ಚಿ ಕೊಟ್ಟೆ.

ಆದರೆ ಆವತ್ತು ಮಣ್ಣಾಗಲಿಲ್ಲ. ಎಲ್ಲ ಕೂಡಿಯೇ ಆಗಲಿ, ಒಂದೇ ತುಣುಕಿಗೆ ಎರಡು ಸಲ ಮಣ್ಣು ಯಾಕೆ ಎಂದು ಆ ತಾಯಿಯೇ ಹೇಳಿ, ಕುಣಿಯ ಮೇಲೆ ಬುಟ್ಟಿ ಬೋರಲು ಹಾಕಲು ಹೇಳಿಕಳಿಸಿದರು. ಶೀಶೆ ಮತ್ತೆ ಗೂಡಿಗೆ ಹೋಯಿತು.

ಸರ್ಜನ್ ಮಹಾನಗರಕ್ಕೆ ಫೋನ್ ಮಾಡಿ ವಿಕಿರಣದ ತಾರೀಖನ್ನು ಎರಡು ವಾರ ಮುಂದೂಡಿಸಿದರು. ಅದಕ್ಕಿಂತ ಹೆಚ್ಚು ಆಗುವುದಿಲ್ಲವೆಂದೂ ಹೇಳಿದರು. ಲ್ಯಾಬಿನಲ್ಲಿ ಟೆಕ್ನಿಷಿಯನ್ ತಮ್ಮ ಅತ್ಯುತ್ತಮ ಚಾಕು ತೆಗೆದರು, ಕುರುಗೋಡಿನ ಕಟ್ಟೆಯ ಮೇಲೆ ಮಸೆದದ್ದನ್ನು. ಮೇಣದ ಅಚ್ಚು ಮಂಜುಗಡ್ಡೆಯ ಮೇಲೆ ತಣ್ಣಗಾದ ಮೇಲೆ ಹೆರೆಯತೊಡಗಿದರು. ಮೂರನೆಯ ಪದರಕ್ಕೆ ಕರಕರ ಎಂದಿತು. ನಾವಿಬ್ಬರೂ ಒಟ್ಟಿಗೆ ಗೋಡೆಯ ಕಡೆ ನೋಡಿದೆವು. ಅವರು ಚಾಕುವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೂ ಬಳಸದ ಅಂಚಿನಿಂದ ಮುಂದುವರಿಸಿದರು. ಮತ್ತೆ ಕರಕರ, ಮತ್ತೆ ಸರಿಸಿದರು. ಸಂಜೆಯ ಹೊತ್ತಿಗೆ ಚಾಕುವಿನ ಬಾಯಿ ಗರಗಸವಾಗಿತ್ತು, ಹತ್ತು ಸ್ಲೈಡು ಸಿಕ್ಕಿದ್ದವು. ತುಂಬ ಗೆರೆ ಬಿದ್ದ, ಹರಿದ, ಯಾವ ಪರೀಕ್ಷೆಯಲ್ಲೂ ಪಾಸಾಗದಂಥ ಸ್ಲೈಡುಗಳು. ಒಂದಕ್ಕೆ ಬಣ್ಣ ಹಚ್ಚಿ ನೋಡಿದೆ. ದುಂಡನೆಯ ಕೋಶಗಳ ನಡುವೆ ನೇರಳೆ ಬಣ್ಣದ ಮರಳಿನ ಕಣಗಳು ಕುಳಿತಿದ್ದವು. ಮೊದಲ ತುಣುಕಿನಲ್ಲೂ ಅವು ಇದ್ದವು, ತೊಳೆದುಹಾಕಿದವರು ನಾವು.

ಬಳ್ಳಾರಿಯ ಬಿಸಿಲಿಗೆ ಮೇಣದ ಅಚ್ಚು ಕೊರಿಯರ್ ಗಾಡಿಯಲ್ಲಿ ಕರಗುವುದು ಖಚಿತವಿತ್ತು. ಸರ್ಜನ್ ಗುರುವಾರ ಸಂಜೆ ಎಲ್ಲವನ್ನೂ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ತಮ್ಮ ಜೊತೆಗೇ ಒಯ್ದು, ಮುಂದಕ್ಕೆ ಕಳಿಸಿದರು.

ಫೋನ್ ಬಂದಾಗ ತಾರೀಖಿಗೆ ನಾಲ್ಕು ದಿನ ಉಳಿದಿತ್ತು. ಚುಕ್ಕೆಗಳು ಮಂಕಾಗಿವೆ, ಆದರೆ ಎಣಿಸುವಂತಿವೆ ಎಂದರು ಮಹಾನಗರದ ಡಾಕ್ಟರು. ನಾನು ಟೆಕ್ನಿಷಿಯನ್ನರನ್ನು ಕರೆದು, ಹೇಳಿದ್ದನ್ನು ಬರೆದುಕೊಳ್ಳಲು ಕೂರಿಸಿದೆ. ಒಂದನೆಯದರಲ್ಲಿ ಹಸಿರು ಎರಡು, ಕೆಂಪು ಒಂದು. ಗಿಡ್ಡ ತೋಳಿಲ್ಲ. ಹತ್ತೊಂಬತ್ತನೆಯದರಲ್ಲಿ ಹಸಿರು ಎರಡು, ಕೆಂಪು ಒಂದು. ಉದ್ದ ತೋಳಿಲ್ಲ. ಮತ್ತೊಮ್ಮೆ ಹೇಳಿ ಎಂದೆ. ಹೇಳಿದರು. ಒಂದು ಬಾರಿ ಟೆಕ್ನಿಷಿಯನ್ನರಿಗೂ ಹೇಳಿ ಎಂದು ಫೋನನ್ನು ಅವರ ಕೈಗೆ ಕೊಟ್ಟೆ.

ಅವರು ಕೇಳಿಸಿಕೊಂಡು ಫೋನಿಟ್ಟು, "ಎರಡೂ ಪೀಸ್ ಕಳದಾವ, ಸರ," ಎಂದರು. ಕಳೆದುಹೋದದ್ದಕ್ಕೆ ನಾವಿಬ್ಬರೂ ಅಷ್ಟು ಸಂತೋಷಪಟ್ಟದ್ದು ಅದಕ್ಕೆ ಮುಂಚೆ ಇಲ್ಲ.

ಹೊಸ ವರದಿ ಬರೆದೆ. ಮೊದಲ ಮಾದರಿ ನಮ್ಮಲ್ಲಿ ಆಸಿಡ್ಡಿಗೆ ಒಳಗಾಗಿ ಕೆಟ್ಟಿತ್ತು, ಆ ಕಾರಣಕ್ಕೆ ಮೊದಲ ವರದಿ ತಪ್ಪಾಗಿತ್ತು ಎಂದು ಅದರಲ್ಲೇ ನಮೂದಿಸಿದೆ, ದಿವಾನರ ಸಹಾಯವಿಲ್ಲದೆ. ವಿಕಿರಣದ ತಾರೀಖು ರದ್ದಾಯಿತು, ಮಾತ್ರೆಗಳು ಶುರುವಾದವು. ಗಡ್ಡೆಯ ಎಳೆಗಳು ಮಾಸ್ಟರ ತಲೆಯಲ್ಲಿ ಉಳಿದೇ ಇದ್ದವು. ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ ನೋಡುತ್ತಿರಬೇಕು, ಎಂದಾದರೂ ಒಂದು ದಿನ ವಿಕಿರಣ ಬೇಕಾಗಬಹುದು ಎಂದು ಸರ್ಜನ್ ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ತಂಗುತ್ತಿದ್ದ 'ಮಿಶ್ರ' ಎಂಬ ಧರ್ಮಛತ್ರವನ್ನು ಕೆಲವು ವರ್ಷಗಳ ಮೇಲೆ ಶಾಸ್ತ್ರದವರೇ ಕೆಡವಿದರು. ಈಗ ಇಂಥ ಗಡ್ಡೆಗೆ ಹೆಸರಿಡಬೇಕಾದರೆ ತಂತುಗಳನ್ನು ಕೇಳದೆ ಇಡುವಂತಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಮಾಸ್ಟರ ಕೈಗೆ ಬಲ ಬಂತು. ಮಹಾನಗರದಿಂದ ಹಿಂದಿರುಗಿದ ಅಚ್ಚಿನ ಅರ್ಧವನ್ನು ನಾವು ನಮ್ಮ ದಾಖಲೆಗೆ ಇಟ್ಟುಕೊಂಡು, ಇನ್ನರ್ಧವನ್ನು ಸಿರುಗುಪ್ಪಕ್ಕೆ ಒಯ್ದು ಕೊಟ್ಟೆವು. ಆ ತಾಯಿ ಲೆಕ್ಕಕ್ಕೆ ಒಪ್ಪಿದರು. ಕುಣಿಯ ಮೇಲಿನ ಬುಟ್ಟಿ ತೆಗೆದು, ಮೂರು ಹಿಡಿ ಮಣ್ಣನ್ನು ಮಾಸ್ಟರು ಬಲಗೈಯಿಂದಲೇ ಹಾಕಿದರು. ಮೂರನೆಯದು ಸ್ವಲ್ಪ ಚೆಲ್ಲಿತು. ಬಗ್ಗಿ ಅದನ್ನೂ ಒಟ್ಟುಮಾಡಿ ಹಾಕಿದರು.

ಐದನೆಯ ನಿಯಮವನ್ನು ನಾನು ಹರಿಯಲಿಲ್ಲ. ಅದರ ಕೆಳಗೆ ಟೆಕ್ನಿಷಿಯನ್ ತಮ್ಮ ಅಕ್ಷರದಲ್ಲಿ ಒಂದು ತಿದ್ದುಪಡಿ ಬರೆದರು: "ಹಾಕುವುದಕ್ಕೆ ಮುಂಚೆ ಡಾಕ್ಟರನ್ನು ಎಬ್ಬಿಸತಕ್ಕದ್ದು."

ದೀಪಾವಳಿಯ ಸುಮಾರಿಗೆ ಲ್ಯಾಬಿಗೆ ಒಂದು ಕಟ್ಟು ಬಂತು. ಒಳಗೆ ದಪ್ಪ ಜೀನ್ಸ್ ಬಟ್ಟೆಯ, ಕೋಟಿನಂತೆ ತೋಳಿರುವ ಎರಡು ಏಪ್ರನ್ನುಗಳಿದ್ದವು. ಟೆಕ್ನಿಷಿಯನ್ ತಮ್ಮದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಹೆಗಲಿಗೆ, ತೋಳಿಗೆ, ಎಡಗೈ ಬಲಗೈಗಿಂತ ಒಂದು ಬೆರಳಗಲ ಗಿಡ್ಡವಿರುವ ಅವರ ಮೈಗೆ ಕೂಡ, ಎಲ್ಲೂ ಒಂದು ನೂಲಿನಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರೂ ಟೇಪು ಹಿಡಿದಿರಲಿಲ್ಲ. ಆ ಶುಕ್ರವಾರ ಮಾಸ್ಟರು ಅಂಗಳದಲ್ಲಿ ಮಂಚದ ಮೇಲೆ ಕುಳಿತು ನೋಡಿದ್ದಷ್ಟೇ.

ನನ್ನದನ್ನೂ ಹಾಕಿಕೊಂಡೆ. ಹೆಗಲು ಸರಿ, ಉದ್ದ ಸರಿ. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಶಾಸ್ತ್ರೀಯ ಕುತೂಹಲದಿಂದ, ಅಂದರೆ ಸ್ವಲ್ಪ ಆತಂಕದಿಂದ, ಕಾರ್ಖಾನೆಗೆ ಫೋನ್ ಮಾಡಿ ಮಾಸ್ಟರನ್ನು ಕರೆಸಿ, ಒಂದು ಅಳತೆ ತಪ್ಪಿದೆಯಲ್ಲ ಎಂದೆ. ಆ ಕಡೆ ಕತ್ತರಿಸುವ ಯಂತ್ರದ ಸದ್ದು ನಿಂತಿತು.

"ಅಳತಿ ಆವತ್ತಿಂದು, ಸರ," ಎಂದರು. "ಆಮ್ಯಾಲ ಬೆಳದದ್ದಕ್ಕ ನಾ ಜವಾಬ್ದಾರ ಅಲ್ಲ."

ಮರುವಾರ ಅವರ ಆರು ತಿಂಗಳ ಸ್ಕ್ಯಾನ್ ಬಂತು. ಆ ಬೇಸಿಗೆಯಿಂದ ಈಚೆಗೆ ಬೆಳೆದದ್ದು ನನ್ನ ಹೊಟ್ಟೆಯೊಂದೇ ಎಂದು ಖಚಿತವಾಯಿತು.